ಸುಂಕಣ್ಣನವರ ಫೋನಿನಲ್ಲಿ ಅಕ್ಷರ ಕಾಣುತ್ತಿಲ್ಲ

ಏಪ್ರಿಲ್ 3, ಗುರುವಾರ

ಯಾವುದೋ ಸಹಕಾರಿ ಸಂಘಕ್ಕೆ ನಮ್ಮ ಪ್ರೆಸ್ಸಿನಲ್ಲೇ ಅಚ್ಚಾದ ಡೈರಿ ಇದು. ಬೈಂಡಿಂಗ್ ಮಾಡುವಾಗ ಜೂನ್ ತಿಂಗಳು ಹೋಗಿ ಫೆಬ್ರವರಿ ಪಕ್ಕ ಕೂತುಬಿಟ್ಟಿದ್ದರಿಂದ ಸಂಘದವರು ಮೂತಿ ತಿರುಗಿಸಿ ವಾಪಸು ಕಳಿಸಿದರು. ಸಾವ್ಕಾರರು ಒಂದನ್ನು ನನ್ನ ಮೇಜಿನ ಮೇಲಿಟ್ಟು ಹೋದರು. ಏಪ್ರಿಲ್ ನೆಟ್ಟಗಿದೆ, ನನಗೆ ಅಷ್ಟು ಸಾಕು. ಮೊದಲ ಪುಟದಲ್ಲಿ ತುಂಬಬೇಕಾದ ಜಾಗಗಳಿದ್ದವು, ಬಿಡದೆ ತುಂಬಿದೆ. ಹೆಸರು: ಫರ್ಹತ್. ವಯಸ್ಸು: ನಲವತ್ತಕ್ಕೆ ಎರಡು ಕಡಿಮೆ. ಉದ್ಯೋಗ: ಡಿಟಿಪಿ ಆಪರೇಟರ್, ಹದಿನೇಳು ವರ್ಷ, ಒಂದೇ ಕುರ್ಚಿ. ರಕ್ತದ ಗುಂಪು ಗೊತ್ತಿಲ್ಲ, ಇಂಕು ಇರಬಹುದು.

ಬರೆಯಲು ಕಾರಣವಿದೆ. ಇವತ್ತು ವಿರೂಪಾಕ್ಷಿ ಸಾವ್ಕಾರರು ನನ್ನ ಪಕ್ಕ ಸ್ಟೂಲು ಎಳೆದುಕೊಂಡು ಕೂತರು. ಅವರು ಹಾಗೆ ಕೂತರೆ ಒಳ್ಳೆಯ ಸುದ್ದಿ ಇರುವುದಿಲ್ಲ.

"ಫರ್ಹತ್, ಮಂದಿ ಈಗ ಕಾರ್ಡು ಕೇಳವಲ್ರು, ಲಿಂಕು ಕೇಳಾಕತ್ಯಾರ. ಫೋನಿನ್ಯಾಗ ಒತ್ತಿದ್ರ ಮದಿವಿ ಕಾರ್ಡು ತೆರೀಬೇಕಂತ. ಒಂದು ಮಾಡಿ ನೋಡು. ಬಂದ್ರ ನೀನೂ ಇರ್ತಿ, ನಾನೂ ಇರ್ತೀನಿ. ಬರಲಿಲ್ಲಂದ್ರ ನಾ ಬರೇ ಫ್ಲೆಕ್ಸ್ ಹಾಕ್ಕೊಂತ ಹೋಗ್ತೀನಿ."

ಫ್ಲೆಕ್ಸಿಗೆ ಟೈಪು ಮಾಡುವವಳು ಬೇಕಿಲ್ಲ, ನಾಲ್ಕು ಮುಖ ಅಂಟಿಸಿದರೆ ಮುಗಿಯಿತು. ಅಂದರೆ ಆಮೇಲೆ ನನಗೆ ಉಳಿಯುವುದು ಬಳ್ಳಾರಿಯ ಜೀನ್ಸ್ ಘಟಕದಲ್ಲಿ ದಾರ ಕತ್ತರಿಸುವ ಕೆಲಸ. ಅಮ್ಮಿಗೆ ಹೇಳಿಲ್ಲ. ಆದರೂ ಒಳಗೊಳಗೇ ಖುಷಿ, ನನಗೆ ಬಾರದ ಕನ್ನಡದ ಕೆಲಸ ಯಾವುದಿದೆ ಹೇಳಿ.

ಏಪ್ರಿಲ್ 5, ಶನಿವಾರ

ನಾನು ಮಾಡಿದೆ. ಯಾರ ಸಹಾಯವೂ ಇಲ್ಲದೆ ಮಾಡಿದೆ.

ಮೊದಲ ಗಿರಾಕಿ ಕುರುಗೋಡಿನ ಎರ್ರೆಪ್ಪ ಮತ್ತು ಮೀನಾಕ್ಷಿ. ಎರ್ರೆಪ್ಪ ಸಾವ್ಕಾರರ ಶಾಲೆಯ ದೋಸ್ತ. ಮಗಳು ಐಶ್ವರ್ಯ, ಹುಡುಗ ದುರ್ಗೇಶ್, ಕುಡತಿನಿಯ ವಿದ್ಯುತ್ ಸ್ಥಾವರದಲ್ಲಿ ಕೆಲಸ. ಮದುವೆ ಇದೇ ಮೂವತ್ತಕ್ಕೆ, ಅಕ್ಷಯ ತೃತೀಯದ ದಿನ. ಕಾಗದದ ಕಾರ್ಡು ಒಂದೂ ಬೇಡವಂತೆ, ಎಲ್ಲರಿಗೂ ಲಿಂಕು. ಅದು ಹುಡುಗಿಯ ಆಸೆ ಎಂದುಕೊಂಡಿದ್ದೆ. ಸಾವ್ಕಾರರು ಬೇರೆ ಕಥೆ ಹೇಳಿದರು. ಮೀನಾಕ್ಷಿಯ ಅಣ್ಣ ಸುಂಕಣ್ಣ ಸಿರುಗುಪ್ಪದಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿದ್ದಾರೆ. ಆರು ವರ್ಷದ ಹಿಂದೆ ಇವರ ಗೃಹಪ್ರವೇಶದ ಕಾರ್ಡಿನಲ್ಲಿ ಅವರ ಹೆಸರು ಬಿಟ್ಟುಹೋಯಿತು. "ನನ್ನ ಹೊಸ್ತಿಲು ತುಳೀಬ್ಯಾಡ್ರಿ" ಎಂದು ಅವರು, "ನೀ ಕರೀದ ಹೊರತು ಬರಂಗಿಲ್ಲ" ಎಂದು ಇವರು. ಅಲ್ಲಿಂದ ಮಾತಿಲ್ಲ. ಸೋದರಮಾವ ಕೈ ಹಿಡಿದು ಹಂದರಕ್ಕೆ ಕರೆತರದಿದ್ದರೆ ಹುಡುಗಿಗೆ ಮದುವೆ ಎನಿಸುವುದು ಹೇಗೆ. ಕಾಗದದ ಕಾರ್ಡಾದರೆ ಮನೆಗೇ ಹೋಗಿ ಕೊಡಬೇಕು, ಲಿಂಕಿಗೆ ಹೊಸ್ತಿಲು ಅಡ್ಡ ಬರುವುದಿಲ್ಲ. ಹೀಗಾಗಿ ಸುಂಕಣ್ಣನವರ ಹೆಸರು ಈ ಸಲ ಎಲ್ಲರಿಗಿಂತ ಮೇಲೆ, ಎಲ್ಲರಿಗಿಂತ ದೊಡ್ಡದಾಗಿ.

ಟೈಪು ಮಾಡಿ ಬ್ರೌಸರಿನಲ್ಲಿ ತೆರೆದೆ. ಕನ್ನಡವೇ ಇಲ್ಲ. ಟೊಪ್ಪಿ ಹಾಕಿದ ಇಂಗ್ಲಿಷ್ ಅಕ್ಷರಗಳು, ಡಾಲರು, ಅರ್ಧ ಚಂದ್ರ, ಕೊಂಬು. ಗಾಬರಿಯಾಗುವವಳು ನಾನಲ್ಲ. ಬ್ರೌಸರಿನ ಸೆಟ್ಟಿಂಗ್ಸ್ ಒಳಗೆ ಹೊಕ್ಕು ಅದರ ಫಾಂಟಿನ ಪಟ್ಟಿ ಹುಡುಕಿದೆ, ಹದಿನೇಳು ವರ್ಷದಿಂದ ನನಗೆ ಅನ್ನ ಹಾಕಿದ ನಮ್ಮ ಹಳೆಯ ಡಿಟಿಪಿ ಫಾಂಟನ್ನು ಅಲ್ಲಿ ಕೂರಿಸಿದೆ. ಪುಟ ಮತ್ತೆ ತೆರೆದರೆ ಮುತ್ತು ಪೋಣಿಸಿದ ಹಾಗೆ ಕನ್ನಡ. ಸಾವ್ಕಾರರು ನೋಡಿ ಮಿರ್ಚಿ, ಒಗ್ಗರಣೆ ಮಂಡಕ್ಕಿ ತರಿಸಿದರು. ಲಿಂಕು ಹೋಯಿತು.

ಏಪ್ರಿಲ್ 7, ಸೋಮವಾರ

ಬೆಳಗಿನಿಂದ ಫೋನು. ಕುರುಗೋಡು, ಕುಡತಿನಿ, ಕಂಪ್ಲಿ, ಎಲ್ಲ ಕಡೆಯಿಂದ ಒಂದೇ ಮಾತು, ಇದು ಯಾವ ಭಾಷೆ. ಒಬ್ಬ ಮುದುಕರು ಗಂಡಿನ ಕಡೆಯವರು ತಮಿಳರಾ ಎಂದು ಕೇಳಿದರು. ಇಷ್ಟೂ ಮಂದಿಯ ಫೋನು ಒಂದೇ ದಿನ ಕೆಟ್ಟಿರುವುದು ಆಶ್ಚರ್ಯ. ನನ್ನ ಪುಟ ನನ್ನ ಮುಂದೆ ಚೆಂದ ಕಾಣುತ್ತಿದೆಯಲ್ಲ.

ಸುಂಕಣ್ಣನವರದು ಮಾತ್ರ ಬೇರೆ ತರದ ಫೋನು. ಸಾವ್ಕಾರರ ಮೊಬೈಲಿನಿಂದ ಅಂಗಡಿಗೆಲ್ಲ ಕೇಳಿಸಿತು. "ಆರು ವರ್ಸದ ಹಿಂದ ಹೆಸರು ಬಿಟ್ರು. ಈ ಸಲ ಹೆಸರಿನ ಜಾಗದಾಗ ಬೈಗುಳ ಹಾಕ್ಯಾರ." ಸಾವ್ಕಾರರು ನಮ್ಮ ಪರದೆಯ ಫೋಟೋ ತೆಗೆದು ಕಳಿಸುತ್ತೇನೆ ಎಂದರು. "ಊರಿಗೆಲ್ಲ ಲಿಂಕು, ನನಗಷ್ಟ ಫೋಟೋನ? ಮಂದಿಗೆ ಏನು ಹೋಗೇತಿ ಅದ ನನಗೂ ಬರಬೇಕು."

ಫೋನಿಟ್ಟ ಸಾವ್ಕಾರರು ನನ್ನ ಕಡೆ ತಿರುಗಿದರು. "ಆ ಸುಂಕಣ್ಣ ಮದಿವಿಗೆ ಬರಲಿಲ್ಲಂದ್ರ ಎರ್ರೆಪ್ಪ ನನ್ನ ಮಾರಿ ನೋಡಂಗಿಲ್ಲ. ಬರಲಿಲ್ಲಂದ್ರ ಲಿಂಕಿನ ಕೆಲಸ ಇಲ್ಲಿಗೇ ಬಂದ್. ನಿನ್ನ ಕುರ್ಚಿ ನಿನ್ನ ಕೈಯಾಗೈತಿ."

ನಮ್ಮ ಕಸುಬಿನಲ್ಲಿ ಇದಕ್ಕೆ ಮದ್ದಿದೆ. ಬೇರೆ ಪ್ರೆಸ್ಸಿಗೆ ಫೈಲು ಕಳಿಸುವಾಗ ಫಾಂಟನ್ನೂ ಜೊತೆಗೆ ಕಳಿಸುತ್ತೇವೆ. ಹಾಗೇ ಫಾಂಟು ಪೆನ್ ಡ್ರೈವಿಗೆ ಹಾಕಿಕೊಂಡು ಸಿರುಗುಪ್ಪಕ್ಕೆ ಹೋಗುವುದು, ಅವರ ಬ್ರೌಸರನ್ನು ರಿಪೇರಿ ಮಾಡಿ ಬರುವುದು. ಆದರೆ ನಾನೇ ಹೋಗಬೇಕಂತೆ. ಬಸ್ಸಿನ ಡೀಸೆಲ್ ವಾಸನೆಗೆ ನನಗೆ ತಲೆನೋವು ಬರುತ್ತದೆ. ಗಿರಾಕಿಗಳೆಂದರೆ ನನಗೆ ಕೆಟ್ಟ ಹಸ್ತಾಕ್ಷರ ಅಷ್ಟೇ, ಮುಖ ನೋಡುವ ಆಸೆ ಯಾವತ್ತೂ ಆಗಿಲ್ಲ.

ಏಪ್ರಿಲ್ 8, ಮಂಗಳವಾರ

ಹೋದೆ, ಬಂದೆ, ತಲೆನೋವು ಬಂತು. ಸಿರುಗುಪ್ಪದ ಬಿಸಿಲು ಬಳ್ಳಾರಿಯ ಬಿಸಿಲಿಗಿಂತ ಒಂದು ಕೈ ಮೇಲು.

ಸುಂಕಣ್ಣನವರು ಫೋನಿನ ದನಿಗೆ ತಕ್ಕಂತೆ ಎತ್ತರದ ಆಳು, ಬಿಳಿ ಮೀಸೆ. ಅಂಗಡಿಯಲ್ಲಿ ಬಿಲ್ಲು ಮಾಡುವ ಕಂಪ್ಯೂಟರಿದೆ. ಫಾಂಟು ಹಾಕಿ, ಬ್ರೌಸರಿನ ಸೆಟ್ಟಿಂಗ್ ಬದಲಿಸಿ, ಲಿಂಕು ತೆರೆದೆ. ಥಳಥಳ ಕನ್ನಡ. ಅವರು ಕನ್ನಡಕ ಏರಿಸಿ ಓದಿದರು. ಆಮೇಲೆ ಕನ್ನಡಕ ಇಳಿಸಿದರು.

"ಕಂಪ್ಯೂಟರಿನ್ಯಾಗ ಕಂಡ್ರೇನವ್ವ? ಕಂಪ್ಯೂಟರ್ ಹೊತ್ಕೊಂಡು ಮದಿವಿಗೆ ಹೋಗ್ಲೇನು? ನನಗ ಕರೆ ಬಂದಿದ್ದು ಫೋನಿಗೆ. ಫೋನಿನ್ಯಾಗ ಕಾಣಬೇಕು."

ಫೋನಿಗೆ ಫಾಂಟು ಹಾಕಲು ಆಗುವುದಿಲ್ಲ ಎಂದು ಅಲ್ಲೇ ಗೊತ್ತಾಯಿತು. ನೋಡಿಕೊಂಡು ಬರುತ್ತೇನೆ ಎಂದೆ. ಎದ್ದು ನಿಂತಾಗ ಅವರು ಗೊಬ್ಬರದ ಚೀಲಗಳ ಕಡೆ ನೋಡುತ್ತ ಕೇಳಿದರು, "ಕುರುಗೋಡಿಗೂ ಹೋಗ್ತಿಯೇನು?" ಗುರುವಾರ ಹೋಗುತ್ತೇನೆ ಎಂದೆ. "ಹಂದರ ಎಲ್ಲಿ ಹಾಕ್ತಾರಂತ? ಮನಿ ಮುಂದನೋ, ಕಲ್ಯಾಣ ಮಂಟಪದಾಗೋ?" ಕಾರ್ಡಿನಲ್ಲೇ ಬರೆದಿದೆಯಲ್ಲ ಎಂದೆ. ಈಗತಾನೇ ಓದಿದ್ದಾರೆ. ವಯಸ್ಸಾದವರು ಮರೆಯುತ್ತಾರೆ.

ಏಪ್ರಿಲ್ 10, ಗುರುವಾರ

ಕುರುಗೋಡು. ನಾಲ್ಕು ಮನೆಯ ನಾಲ್ಕು ಕಂಪ್ಯೂಟರಿಗೆ ಫಾಂಟು ಹಾಕಿದೆ. ಪ್ರತಿ ಮನೆಯಲ್ಲೂ ಚಹಾ. ಇನ್ನು ಐನೂರು ಮಂದಿ ಉಳಿದಿದ್ದಾರೆ, ಅವರಲ್ಲಿ ನಾನೂರ ಎಂಬತ್ತು ಮಂದಿಗೆ ಕಂಪ್ಯೂಟರೇ ಇಲ್ಲ. ಕರೆಯೋಲೆ ಕೊಡಲು ಹೊರಟ ಮನೆಯವಳಂತೆ ಒಂದೊಂದು ಬಾಗಿಲು ಬಡಿದು, ನಿಮ್ಮಲ್ಲಿ ಬ್ರೌಸರ್ ಇದೆಯಾ ಎಂದು ಕೇಳುತ್ತ ಹೋಗುವಾಗ ನನಗೇ ನಗು ತಡೆಯಲಿಲ್ಲ.

ಮೀನಾಕ್ಷಕ್ಕ ಸಣ್ಣ ದನಿಯವರು. ಮೊಣಕಾಲು ನೋವಂತೆ, ಗೋಡೆ ಹಿಡಿದು ಏಳುತ್ತಾರೆ. ನನ್ನ ಕೆಲಸದ ಬಗ್ಗೆ ಒಂದೂ ಪ್ರಶ್ನೆ ಕೇಳಲಿಲ್ಲ.

"ಫರ್ಹತಮ್ಮ, ನಮ್ಮಣ್ಣ ಸೊರಗ್ಯಾನೇನು?"

"ಇಲ್ಲಕ್ಕ. ಗಟ್ಟಿಮುಟ್ಟಾಗಿ ಅದಾರ."

"ಮೀಸಿ ಬೆಳ್ಳಗಾಗೇತೇನು?"

"ಪೂರಾ."

ಅವರು ಗೋಡೆ ಹಿಡಿದು ಎದ್ದು, ಒಳಗಿನಿಂದ ಒಂದು ದೊಡ್ಡ ಡಬ್ಬಿ ಶೇಂಗಾ ಉಂಡೆ ತಂದರು. ನಿನಗೇ, ದಾರಿಯಲ್ಲಿ ತಿನ್ನು ಎಂದರು. ನಲವತ್ತು ಉಂಡೆಗಳಿದ್ದವು. ನಾನೇನು ದಾರಿಯುದ್ದಕ್ಕೂ ತಿನ್ನುವವಳ ಹಾಗೆ ಕಾಣುತ್ತೇನೆಯೇ.

ಏಪ್ರಿಲ್ 11, ಶುಕ್ರವಾರ

ಸುಂಕಣ್ಣನವರ ಫೋನು. ಗೊಬ್ಬರದ ಕಂಪನಿಯ ಇಂಗ್ಲಿಷ್ ಪುಟ ತೆರೆದರೆ ಕನ್ನಡದಲ್ಲಿ ಬರುತ್ತಿದೆಯಂತೆ, ಆದರೆ ಕನ್ನಡವೂ ಅಲ್ಲವಂತೆ. ಯೂರಿಯಾ ಇದ್ದ ಜಾಗದಲ್ಲಿ ನಾಲಿಗೆ ತಿರುಗದ ಏನೋ ಇದೆಯಂತೆ. ಗಿರಾಕಿಗಳು ಓದಿ ನಗುತ್ತಿದ್ದಾರಂತೆ.

ಅರ್ಥವಾಯಿತು. ನಮ್ಮ ಫಾಂಟು ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ವೇಷ ಹಾಕಿಸುತ್ತದೆ. ನಾನು ಅದನ್ನು ಅವರ ಬ್ರೌಸರಿನ ಯಜಮಾನನನ್ನಾಗಿ ಮಾಡಿ ಬಂದಿದ್ದೇನೆ, ಅದು ಸಿಕ್ಕ ಸಿಕ್ಕ ಇಂಗ್ಲಿಷಿಗೆಲ್ಲ ವೇಷ ಹಾಕುತ್ತಿದೆ. ಹಾಗಿದ್ದರೆ ಕುರುಗೋಡಿನ ನಾಲ್ಕು ಮನೆಯಲ್ಲೂ? ಯಾ ಅಲ್ಲಾ.

ಏಪ್ರಿಲ್ 12, ಶನಿವಾರ

ಸಿರುಗುಪ್ಪ. ಸೆಟ್ಟಿಂಗನ್ನು ಮೊದಲಿದ್ದಂತೆ ಮಾಡಿದೆ. ಇಂಗ್ಲಿಷ್ ಇಂಗ್ಲಿಷಾಯಿತು, ಮದುವೆಯ ಕಾರ್ಡು ಮತ್ತೆ ಬೈಗುಳವಾಯಿತು. ಸುಂಕಣ್ಣನವರು ರೇಗಲಿಲ್ಲ, ಅದೇ ಆಶ್ಚರ್ಯ. "ಮತ್ತ ಬರ್ತಿಯಲ್ಲ, ಆತು ಬಿಡು" ಎಂದರು. ಹಂದರ ಮನೆಯ ಮುಂದೆಯೇ, ಊಟ ಮಾತ್ರ ಮಂಟಪದಲ್ಲಿ ಎಂದು ಹೇಳಿದೆ. ಮೀನಾಕ್ಷಕ್ಕನ ಮೊಣಕಾಲಿನ ವಿಷಯವೂ ಬಾಯಿತಪ್ಪಿ ಬಂತು. ನನಗೇಕೆ ಬೇಕಿತ್ತು ಇದೆಲ್ಲ.

ಅವರ ಹೆಂಡತಿ ದೊಡ್ಡಬಸಮ್ಮ ಬಿಸಿ ಅನ್ನ, ಹುಳಿ ಬಡಿಸಿದರು. ನಾನು ಶೇಂಗಾ ಉಂಡೆಯ ಡಬ್ಬಿ ಬಿಚ್ಚಿ ನಡುವೆ ಇಟ್ಟೆ. ಯಾರು ಮಾಡಿದ್ದು ಎಂದು ಹೇಳಲಿಲ್ಲ, ಕೇಳಿದ್ದರೆ ಹೇಳುತ್ತಿದ್ದೆ. ಸುಂಕಣ್ಣನವರು ಒಂದನ್ನು ಬಾಯಿಗೆ ಹಾಕಿಕೊಂಡವರು ಅಗಿಯುವುದನ್ನು ನಿಲ್ಲಿಸಿ, ಮತ್ತೆ ನಿಧಾನಕ್ಕೆ ಅಗಿದರು. ಒಟ್ಟು ಐದು ತಿಂದರು. ಹಲ್ಲು ನೋವಿರಬೇಕು.

ಇವತ್ತು ತಲೆನೋವಿಲ್ಲ. ಕಿಟಕಿ ಪಕ್ಕ ಕೂತರೆ ಬರುವುದಿಲ್ಲ, ಈ ಉಪಾಯ ಮೊದಲೇ ಗೊತ್ತಿರಬೇಕಿತ್ತು.

ಏಪ್ರಿಲ್ 15, ಮಂಗಳವಾರ

ಹೇಗೆ ಬರೆಯಲಿ, ನಗು ತಡೆಯುತ್ತಿಲ್ಲ.

ಕುರುಗೋಡಿನ ನಾಲ್ಕು ಮನೆಯ ವೇಷ ಬಿಚ್ಚಿಸಲು ಹೋಗಿದ್ದೆ. ಮದುಮಗಳು ಐಶ್ವರ್ಯ ನನ್ನ ಜೊತೆ ಮನೆಮನೆಗೆ ಬಂದಳು. ದಾರಿಯಲ್ಲಿ ಮೆತ್ತಗೆ ಕೇಳಿದಳು.

"ಅಕ್ಕ, ತಪ್ಪು ತಿಳೀಬ್ಯಾಡ್ರಿ. ನಾ ನಿಮಗ ವಾಟ್ಸಾಪಿನ್ಯಾಗ ಕನ್ನಡ ಬರದು ಕಳಸ್ತೀನಲ್ಲ, ಅದು ನಿಮ್ಮ ಫೋನಿನ್ಯಾಗ ಕಾಣ್ತೈತಿ, ಮಾವನ ಫೋನಿನ್ಯಾಗೂ ಕಾಣ್ತೈತಿ. ಅದಕ್ಕ ಯಾರೂ ಮನಿಮನಿಗೆ ಹೋಗಿ ಏನೂ ಹಾಕಿಲ್ಲ. ಕಾರ್ಡಿಗಷ್ಟ ಯಾಕ ಹಾಕಬೇಕು?"

ನಾನು ರಸ್ತೆ ಮಧ್ಯೆ ನಿಂತುಬಿಟ್ಟೆ. ಹಿಂದಿನಿಂದ ಟ್ರ್ಯಾಕ್ಟರಿನವನು ಹಾರ್ನ್ ಹೊಡೆದ. ಫೋನುಗಳೆಲ್ಲ ಓದುವ ಕನ್ನಡವೇ ಬೇರೆ, ಯುನಿಕೋಡು. ನಮ್ಮ ಟೈಪಿಂಗ್ ಸಾಫ್ಟ್‌ವೇರಿನಲ್ಲೇ ಅದಕ್ಕೆ ಬದಲಿಸುವ ಗುಂಡಿ ಇದೆ. ಹನ್ನೆರಡು ವರ್ಷದಿಂದ ದಿನಾ ನೋಡುತ್ತಿದ್ದೇನೆ, ನಮ್ಮ ಪ್ರೆಸ್ಸಿಗೆ ಅದು ಬೇಡ ಎಂದು ಮುಟ್ಟಿಲ್ಲ. ಪುಟ ಕೆಟ್ಟಿತ್ತು, ನಾನು ಪುಟ ಬಿಟ್ಟು ಓದುವವರನ್ನು ರಿಪೇರಿ ಮಾಡುತ್ತಾ ಊರೂರು ತಿರುಗುತ್ತಿದ್ದೆ.

ನಾಲ್ಕು ಗಂಟೆಗೆ ಪ್ರೆಸ್ಸಿಗೆ ಬಂದು ಗುಂಡಿ ಒತ್ತಿದೆ. ಚಹಾ ಆರುವುದರೊಳಗೆ ಮುಗಿಯಿತು. ನಾಚಿಕೆಯಾಯಿತು. ಆದರೆ ನಾಚಿಕೆಗಿಂತ ನಗು ಹೆಚ್ಚು ಬಂತು. ಮನೆಗೆ ಬಂದ ಮೇಲೂ ನಿಲ್ಲಲಿಲ್ಲ, ಅಮ್ಮಿ ಅಡುಗೆಮನೆಯಿಂದ, "ಏನಾಗೇತಿ ನಿನಗ, ಒಬ್ಬಾಕಿನ ನಗಾಕತ್ತಿ" ಎಂದಳು. ಹೇಳಿದೆ. ಕುರ್ಚಿಯ ವಿಷಯವನ್ನೂ ಹೇಳಿಬಿಟ್ಟೆ. ಅವಳು ಬೈಯಲಿಲ್ಲ, "ಆ ಮಾವ ಬರ್ತಾನೋ ಇಲ್ಲೋ ಅದನ್ನ ಹೇಳು" ಎಂದಳು.

ಏಪ್ರಿಲ್ 17, ಗುರುವಾರ

ಎಲ್ಲರ ಫೋನಿನಲ್ಲೂ ಕನ್ನಡ. ತಮಿಳರಾ ಎಂದು ಕೇಳಿದ್ದ ಮುದುಕರು ತಾವಾಗಿ ಫೋನು ಮಾಡಿ ಪೂರ್ತಿ ಕಾರ್ಡು ನನಗೇ ಓದಿ ಹೇಳಿದರು. ಸಾವ್ಕಾರರು ಎರಡು ಪ್ಲೇಟು ಮಿರ್ಚಿ ತರಿಸಿದರು.

ಸಂಜೆ ಸುಂಕಣ್ಣನವರು: "ನನ್ನದರಾಗ ಇನ್ನೂ ಬೈಗುಳನ ಐತಿ."

ಏಪ್ರಿಲ್ 19, ಶನಿವಾರ

ಸಿರುಗುಪ್ಪ ಮೂರನೇ ಸಲ. ಅವರು ಸುಳ್ಳು ಹೇಳಿರಲಿಲ್ಲ. ಫೋನು ಹಳೆಯ ಪುಟವನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಅದನ್ನೇ ತೋರಿಸುತ್ತಿತ್ತು. ಬ್ರೌಸರಿನ ಹಿಸ್ಟರಿಗೆ ಹೋಗಿ ಹಳೆಯದನ್ನೆಲ್ಲ ಅಳಿಸಿದೆ, ಹೊಸ ಪುಟ ಬಂತು. ಅವರ ಹೆಸರು ಎಲ್ಲಕ್ಕಿಂತ ಮೇಲೆ ಬಂತು. ಅವರು ನೋಡಿದರು, ಮೀಸೆ ತೀಡಿದರು.

"ಅಕ್ಷರ ಸಣ್ಣದಾತು."

ದೊಡ್ಡದು ಮಾಡುವುದು ಎಷ್ಟರ ಮಾತು. ಸೆಟ್ಟಿಂಗ್ಸ್‌ನಲ್ಲಿ ಅಕ್ಷರದ ಗಾತ್ರಕ್ಕೆ ಒಂದು ಗೆರೆ ಇದೆ, ಅದರ ಮೇಲಿನ ಚುಕ್ಕಿಯನ್ನು ಬಲಕ್ಕೆ ಎಳೆದರೆ ದೊಡ್ಡದು, ಎಡಕ್ಕೆ ಎಳೆದರೆ ಸಣ್ಣದು. ಹೇಗೆ ಮಾಡುವುದೆಂದು ಅವರು ಎರಡು ಸಲ ತೋರಿಸಿಕೊಂಡರು. ಈ ವಯಸ್ಸಿನಲ್ಲಿ ಕಲಿಯುವ ಆಸೆ ಇರುವುದು ದೊಡ್ಡದು ಎಂದು ಹೇಳಿದೆ. ಆಮೇಲೆ ಹುಡುಗಿಗೆ ಯಾವ ಬಣ್ಣದ ಸೀರೆ ತಂದಿದ್ದಾರೆ ಎಂದು ಕೇಳಿದರು. ಗಿಳಿ ಹಸಿರು, ಕೆಂಪು ಅಂಚು ಎಂದೆ. ಸೆರಗಿನ ಬಗ್ಗೆಯೂ ಹೇಳಿದೆ. ಬಸ್ಸು ತಪ್ಪಿತು, ಮುಂದಿನದಕ್ಕೆ ಬಂದೆ.

ಏಪ್ರಿಲ್ 22, ಮಂಗಳವಾರ

ಅಕ್ಷರ ಮತ್ತೆ ಸಣ್ಣದಾಗಿದೆಯಂತೆ. ಹೋದೆ. ನಿಜ, ಚುಕ್ಕಿ ಪೂರ್ತಿ ಎಡಕ್ಕೆ ಹೋಗಿ ಕೂತಿತ್ತು. ತಾನಾಗಿ. ಹದಿನೇಳು ವರ್ಷದಲ್ಲಿ ಇಂಥ ದೋಷ ನೋಡಿಲ್ಲ. ಬಲಕ್ಕೆ ಎಳೆದು, ಫೋನು ಆಫ್ ಮಾಡಿ ಆನ್ ಮಾಡಿ ಬಂದೆ. ಬಸ್ಸಿನ ಕಂಡಕ್ಟರಮ್ಮ ಈಗ ನನ್ನನ್ನು ಕೇಳದೆಯೇ ಸಿರುಗುಪ್ಪದ ಟಿಕೆಟು ಹರಿಯುತ್ತಾಳೆ. ಅವಳ ತಂಗಿಗೂ ಮದುವೆಯಂತೆ, ಲಿಂಕು ಬೇಕಂತೆ.

ಏಪ್ರಿಲ್ 24, ಗುರುವಾರ

ಕುರುಗೋಡಿಗೆ ಹೋಗುವ ಕೆಲಸವೇನೂ ಇರಲಿಲ್ಲ, ಒಂದು ಡಬ್ಬಿ ವಾಪಸು ಕೊಡುವುದಿತ್ತು. ಡಬ್ಬಿ ಪೂರಾ ಖಾಲಿಯೇ ಎಂದು ಮೀನಾಕ್ಷಕ್ಕ ತಿರುಗಿಸಿ ನೋಡಿದರು. ನಿಮ್ಮ ಅಣ್ಣ ಐದು ತಿಂದರು ಎಂದೆ. ಅವರು ಸೆರಗಿನಿಂದ ಡಬ್ಬಿ ಒರೆಸಿದರು, ಒರೆಸಿದ್ದನ್ನೇ ಒರೆಸಿದರು.

"ಬರ್ತಾನೇನು?"

"ಅಕ್ಷರ ಸರಿ ಆದ್ರ ಬರ್ತಾರಕ್ಕ."

ಇನ್ನು ಆರು ದಿನ. ಸಾವ್ಕಾರರು ಫ್ಲೆಕ್ಸ್ ಯಂತ್ರದ ಕಡೆ ಹೋಗಿ ನಿಲ್ಲುವುದು ಹೆಚ್ಚಾಗಿದೆ. ವಿಚಿತ್ರವೆಂದರೆ ನನಗೆ ಬಸ್ಸಿನಲ್ಲಿ ಕುರ್ಚಿಯ ಯೋಚನೆ ಬರಲಿಲ್ಲ, ಆ ಹುಡುಗಿಯ ಕೈ ಯಾರು ಹಿಡಿದು ಕರೆತರುತ್ತಾರೆ ಎನ್ನುವುದೇ ಬಂತು.

ಏಪ್ರಿಲ್ 26, ಶನಿವಾರ

ಸಿರುಗುಪ್ಪ. ಅಕ್ಷರ ಮತ್ತೆ ಸಣ್ಣದು. ನಾನು ಫೋನು ಹಿಡಿದು ಬ್ಯಾಟರಿ ದೋಷವೇ, ಬಿಸಿಲಿನ ದೋಷವೇ ಎಂದು ತಲೆ ಕೆರೆದುಕೊಳ್ಳುತ್ತಿದ್ದಾಗ ದೊಡ್ಡಬಸಮ್ಮ ಅಡುಗೆಮನೆಯಿಂದ ಕಣ್ಣುಸನ್ನೆ ಮಾಡಿ ಕರೆದರು. ಬಾಗಿಲು ಅರೆ ಮುಚ್ಚಿದರು.

"ನೀ ಭಾಳ ಶಾಣ್ಯಾಕಿ ಅಂತ ತಿಳ್ಕೊಂಡಿದ್ದೆನವ್ವ."

"ಯಾಕ್ರಿ?"

"ಅದರ ಚುಕ್ಕಿ ಯಾರು ಎಳೀತಾರ ಅಂತ ತಿಳ್ಕೊಂಡಿ? ನೀ ಬರೋ ಹಿಂದಿನ ದಿನ ಇವರ ಕುಂತು ಸಣ್ಣದು ಮಾಡ್ತಾರ. ನೀ ಹೋದ ಮ್ಯಾಲ ದೊಡ್ಡದು ಮಾಡ್ಕೊಂಡು ಅಂಗಡಿಗೆ ಬಂದೋರಿಗೆಲ್ಲ ತೋರಸ್ತಾರ, ನೋಡ್ರಿ, ನನ್ನ ಹೆಸರು ಮ್ಯಾಲೈತಿ ಅಂತ. ಇಡೀ ಕಾರ್ಡು ಬಾಯಿಪಾಠ ಆಗೇತಿ."

ಆರು ಗಂಟೆಯ ಬಸ್ಸು, ಬಿಸಿಲು, ರೀಸ್ಟಾರ್ಟು, ಎಲ್ಲ ಇದಕ್ಕೇ.

"ಮತ್ತ ಯಾಕ್ರಿ ನನ್ನ ಕರಸ್ತಾರ?"

"ನೀ ಬಂದ್ರ ಕುರುಗೋಡಿನ ಸುದ್ದಿ ಬರ್ತೈತಿ. ಮೀನಾನ ಮೊಣಕಾಲು, ಹುಡುಗಿ ಸೀರಿ, ಹಂದರ. ಸರಿ ಆತು ಅಂದ್ರ ನೀ ಯಾಕ ಬರ್ತಿ? ಆರು ವರ್ಸ ಆತವ್ವ, ಆ ಊರಿನ ಗಾಳೀನೂ ಈ ಮನಿಗೆ ಬಂದಿಲ್ಲ." ಅವರು ಸೌಟು ತಿರುವಿದರು. "ಹೋಗಬೇಕಂತ ಜೀವ ಐತಿ. ತಾನಾಗಿ ಹೆಂಗ ಹೋಗೋದು? ಅಕಿ ಬಾಯಿಲೆ ಒಂದು ಮಾತು ಬಂದಿಲ್ಲಲ್ಲ."

ಹೊರಗೆ ಬಂದೆ. ಸುಂಕಣ್ಣನವರು ಮುಗ್ಧವಾಗಿ ಫೋನು ಚಾಚಿದರು. ಸಿಟ್ಟು ಬರಬೇಕಿತ್ತು. ಅವರ ಮುಖ ನೋಡಿದರೆ ತಬ್ಬಿಕೊಳ್ಳಬೇಕೆನಿಸಿತು, ಹಾಗೆ ಮಾಡಿದರೆ ಚೆನ್ನಾಗಿರುವುದಿಲ್ಲವೆಂದು ಚುಕ್ಕಿ ಬಲಕ್ಕೆ ಎಳೆದೆ. ಇದು ದೊಡ್ಡ ದೋಷ, ಸೋಮವಾರ ಕಡೇ ಪರೀಕ್ಷೆ ಮಾಡಬೇಕು ಎಂದೆ.

ಏಪ್ರಿಲ್ 27, ಭಾನುವಾರ

ಮೀನಾಕ್ಷಕ್ಕನಿಗೆ ಫೋನು ಮಾಡಿ, ನಾಳೆ ಹನ್ನೊಂದಕ್ಕೆ ಪ್ರೂಫ್ ನೋಡಬೇಕು, ನೀವು ಕಾರ್ಡು ತೆರೆದಿಟ್ಟುಕೊಂಡು ಸಿದ್ಧವಾಗಿರಿ ಎಂದೆ. ನಮ್ಮ ಪ್ರೆಸ್ಸಿನ ಪದ್ಧತಿ ಎಂದೆ. ಅದು ಸುಳ್ಳಲ್ಲ. ಒಬ್ಬರು ಜೋರಾಗಿ ಓದಬೇಕು, ಇನ್ನೊಬ್ಬರು ತಮ್ಮ ಪ್ರತಿಯಲ್ಲಿ ಬೆರಳಿಟ್ಟು ನೋಡಬೇಕು, ತಪ್ಪಿದ್ದಲ್ಲಿ ನಿಲ್ಲಿಸಬೇಕು. ಆ ಕಡೆ ಬೆರಳಿಟ್ಟು ನೋಡುವವರು ಯಾರು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅಮ್ಮಿ ನನ್ನ ಬುರ್ಖಾಕ್ಕೆ ಇಸ್ತ್ರಿ ಹಾಕಿಟ್ಟಿದ್ದಾಳೆ. ಗಿರಾಕಿಗಳ ಮನೆಯ ಜಗಳದಲ್ಲಿ ತಲೆ ಹಾಕಬಾರದು ಎಂದು ಹದಿನೇಳು ವರ್ಷ ಹೇಳುತ್ತ ಬಂದವಳು ನಾನೇ. ಇದು ಜಗಳವಲ್ಲ, ತಾಂತ್ರಿಕ ಕೆಲಸ.

ಏಪ್ರಿಲ್ 28, ಸೋಮವಾರ

ಒಂದಕ್ಷರವೂ ಬಿಡದೆ ಬರೆಯಬೇಕು.

ಹನ್ನೊಂದಕ್ಕೆ ಸುಂಕಣ್ಣನವರನ್ನು ಕುರ್ಚಿಯಲ್ಲಿ ಕೂರಿಸಿದೆ. ಅವರ ಫೋನಿನಲ್ಲಿ ಕಾರ್ಡು ತೆರೆದೆ, ಅಕ್ಷರ ಪೂರಾ ದೊಡ್ಡದು ಮಾಡಿದೆ, ಬೆರಳಿಟ್ಟುಕೊಳ್ಳಲು ಹೇಳಿದೆ. ನನ್ನ ಫೋನು ಸ್ಪೀಕರಿಗೆ ಹಾಕಿ ಕೌಂಟರಿನ ಮೇಲಿಟ್ಟೆ.

"ಕುರುಗೋಡಿನೋರು ಓದ್ತಾರ. ನೀವು ನೋಡ್ಕೊಂತ ಬರ್ರಿ. ಎಲ್ಲಿ ಕಾಣಂಗಿಲ್ಲೋ ಅಲ್ಲಿ ನಿಲ್ಲಸ್ರಿ."

ಅವರು ಏಳಲು ಹೋದರು. ದೊಡ್ಡಬಸಮ್ಮ ಬಾಗಿಲಲ್ಲಿ ನಿಂತಿದ್ದರು, ಸರಿಯಲಿಲ್ಲ. ಅಷ್ಟರಲ್ಲಿ ಫೋನಿನಿಂದ ಆ ಸಣ್ಣ ದನಿ ಬಂತು.

"ಶ್ರೀ ದೊಡ್ಡಬಸವೇಶ್ವರ ಪ್ರಸನ್ನ."

ಸುಂಕಣ್ಣನವರು ಬಾಗಿಲ ಕಡೆಯಿಂದ ಮುಖ ತಿರುಗಿಸಿದರು. ಕೂತರು.

"ಐತೇನು, ಫರ್ಹತಮ್ಮ?"

ನಾನು ಅವರ ಕಡೆ ನೋಡಿದೆ. ತಲೆಯಾಡಿಸಿದರು. "ಐತಕ್ಕ" ಎಂದೆ.

ಮೀನಾಕ್ಷಕ್ಕ ಓದುತ್ತ ಹೋದರು. ಹುಡುಗ, ಹುಡುಗಿ, ಮುಹೂರ್ತ, ಸ್ಥಳ. ಶಾಲೆಯಲ್ಲಿ ಪಾಠ ಒಪ್ಪಿಸುವ ಹುಡುಗಿಯ ಹಾಗೆ ಪ್ರತಿ ಸಾಲಿಗೂ ನಿಲ್ಲುತ್ತಿದ್ದರು. ಮೇಲಿನ ಹೆಸರನ್ನು ಬಿಟ್ಟು ಮುಂದೆ ಹೋದದ್ದನ್ನು ನಾನು ಗಮನಿಸಿದೆ, ಸುಂಕಣ್ಣನವರೂ ಗಮನಿಸಿದರು. ಗೊಬ್ಬರ ಕೇಳಲು ಬಂದ ಒಬ್ಬ ರೈತ ಬಾಯಿ ತೆರೆದ, ದೊಡ್ಡಬಸಮ್ಮ ಕೈ ಮಾಡಿದರು, ಅವನು ಸುಮ್ಮನೆ ಚೀಲದ ಮೇಲೆ ಕೂತ. ಕಡೆಗೆ ಓದಲು ಬೇರೇನೂ ಉಳಿಯಲಿಲ್ಲ.

"ನಮ್ಮೆಲ್ಲರ ಪರವಾಗಿ ಕರೆಯುವವರು," ಎಂದರು ಮೀನಾಕ್ಷಕ್ಕ. ನಿಂತರು. "ಹುಡುಗಿಯ ಸೋದರಮಾವ, ಶ್ರೀ ಸುಂಕಣ್ಣ, ಸಿರುಗುಪ್ಪ."

ಸುಂಕಣ್ಣನವರು ಫೋನಿನ ಕಡೆ ಬಾಗಿದರು.

"ಇನ್ನೊಮ್ಮಿ ಓದು, ಮೀನಾ."

ಆ ಕಡೆ ಏನೋ ಬಿದ್ದ ಸದ್ದು. ಆಮೇಲೆ, "ಯಾಕಣ್ಣ, ಕಾಣಂಗಿಲ್ಲೇನು?"

"ಕಾಣ್ತೈತಿ. ನೀ ಓದು."

ಅವರು ಓದಿದರು. ಇವರು ಮತ್ತೆ ಓದಿಸಿದರು. ಮೂರನೆಯ ಸಲ ಹೆಸರಿನ ಅರ್ಧಕ್ಕೆ ದನಿ ಒಡೆದು ಅಳು ಬಂತು, ಇವರು ಮೀಸೆಯ ಮೇಲೆ ಕೈ ಇಟ್ಟುಕೊಂಡು, "ಅಳಬ್ಯಾಡ, ಮೊಣಕಾಲಿಗೆ ಎಣ್ಣಿ ಹಚ್ಚಿಯೇನು?" ಎಂದರು. ನಾನು ಗೊಬ್ಬರದ ಚೀಲಗಳ ಹಿಂದೆ ಹೋಗಿ ಅತ್ತೆ. ರೈತನೂ ಕಣ್ಣೊರೆಸಿಕೊಂಡ, ಅವನಿಗೆ ಏನೂ ಗೊತ್ತಿರಲಿಲ್ಲ.

ಏಪ್ರಿಲ್ 30, ಬುಧವಾರ

ಸುಂಕಣ್ಣನವರು ನಿನ್ನೆಯೇ ಬಂದಿದ್ದಾರೆ, ಒಂದು ಟೆಂಪೋ ಸೋನಾ ಮಸೂರಿ ಮತ್ತು ಹೆಂಡತಿಯ ಜೊತೆ. ನಾನು ಅಮ್ಮಿಯನ್ನೂ ಕರೆದುಕೊಂಡು ಆರು ಗಂಟೆಯ ಬಸ್ಸಿಗೆ ಕುರುಗೋಡು ಮುಟ್ಟಿದೆ. ಯಾರೋ ನನ್ನ ಕೈಗೆ ಅರಿಶಿನದ ತಟ್ಟೆ ಕೊಟ್ಟರು, ಯಾರೋ ಬಾಳೆ ಎಲೆಯ ಲೆಕ್ಕ ಕೇಳಿದರು, ಯಾರೋ ಮಗು ಕೊಟ್ಟು ಹೋದರು. ಹುಡುಗಿಯ ಚಿಕ್ಕಮ್ಮ ಎಂದುಕೊಂಡರಂತೆ. ನಾನೂ ಇಲ್ಲ ಎನ್ನಲಿಲ್ಲ, ಹೇಳಲು ಪುರುಸೊತ್ತೆಲ್ಲಿ.

ಗಿಳಿ ಹಸಿರು ಸೀರೆಯ ಐಶ್ವರ್ಯಳ ಕೈ ಹಿಡಿದು ಸುಂಕಣ್ಣನವರು ಹಂದರಕ್ಕೆ ಕರೆತಂದರು. ಅಣ್ಣ-ತಂಗಿ ಬಹಳ ಮಾತಾಡಲಿಲ್ಲ. ಅಣ್ಣ ಚೊಂಬಿನಲ್ಲಿ ನೀರು ಕೇಳಿದರು, ತಂಗಿ ಕೊಟ್ಟರು, ಇಬ್ಬರಿಗೂ ಅಷ್ಟೇ ಬೇಕಿತ್ತು. ವಿರೂಪಾಕ್ಷಿ ಸಾವ್ಕಾರರು ಊಟದ ಪಂಕ್ತಿಯಿಂದಲೇ ನನಗೆ ಕೂಗಿ, ಮೂರು ಹೊಸ ಲಿಂಕಿನ ಆರ್ಡರು ಬಂದಿವೆ ಎಂದರು. ನಾಳೆ ನೋಡೋಣ ಎಂದೆ. ಅವರಿಗೆ ನಾನು ಹೀಗೆ ಉತ್ತರ ಕೊಟ್ಟದ್ದು ಇದೇ ಮೊದಲಿರಬೇಕು, ಹೋಳಿಗೆ ಕೈಯಲ್ಲೇ ನಿಂತಿತು.

ಮಧ್ಯಾಹ್ನ ಸುಂಕಣ್ಣನವರು ಬೀಗರ ನಡುವೆ ಕೂತು ಫೋನು ಎತ್ತಿ ಹಿಡಿದಿದ್ದರು. ದೂರದಿಂದಲೇ ಅವರ ಹೆಸರು ನನಗೆ ಕಾಣುತ್ತಿತ್ತು, ಅಷ್ಟು ದೊಡ್ಡ ಅಕ್ಷರ. ಹತ್ತಿರ ಹೋಗಿ ಎಲ್ಲರ ಮುಂದೆ ಕೇಳಿದೆ.

"ಹೆಂಗೈತ್ರಿ ಅಣ್ಣಾರ, ಈಗ ಚೆಂದ ಕಾಣ್ತೈತಿಲ್ಲ?"

ಅವರು ನನ್ನನ್ನು ನೋಡಿದರು, ಫೋನನ್ನು ನೋಡಿದರು, ಎಲ್ಲರೆದುರೇ ಬೆರಳಿನಿಂದ ಚುಕ್ಕಿಯನ್ನು ಪೂರ್ತಿ ಎಡಕ್ಕೆ ಎಳೆದರು.

"ಸಣ್ಣದಾಗೇತವ್ವ. ಮುಂದಿನ ವಾರ ಬಂದು ನೋಡು. ಬರುವಾಗ ಅಮ್ಮಿನೂ ಕರ್ಕೊಂಡು ಬಾ."

ಸೋಮವಾರ ಬರುತ್ತೇನೆ ಎಂದೆ.